ಶುಲ್ಕ ಅಗ್ಗ, ಸಾಲ ಸಿಗದು: ಡಬ್ಲಿನ್ ಕಡೆ ನೋಡುತ್ತಿರುವ ಬ್ರಿಟಿಷ್ ವಿದ್ಯಾರ್ಥಿಗಳ ಲೆಕ್ಕ

2025ರ ಅಕ್ಟೋಬರ್‌ನಲ್ಲಿ, ಎರಡೇ ವಾರಗಳ ಅಂತರದಲ್ಲಿ, ಐರಿಷ್ ಸಮುದ್ರದ ಎರಡೂ ದಡಗಳಿಂದ ಒಂದೊಂದು ಸುದ್ದಿ ಬಂತು. ಪದವಿ ವಿದ್ಯಾರ್ಥಿಗಳು ವರ್ಷಕ್ಕೆ ಕಟ್ಟಬೇಕಾದ ಮೊತ್ತವನ್ನು ಐರ್ಲೆಂಡ್ ಸರ್ಕಾರ ಬಜೆಟ್‌ನಲ್ಲಿ 3,000 ಯೂರೊದಿಂದ 2,500ಕ್ಕೆ ಕಾಯಂ ಆಗಿ ಇಳಿಸಿತು. ಅತ್ತ ಬ್ರಿಟನ್ ಸರ್ಕಾರ, ಆ ವರ್ಷವಷ್ಟೇ 9,535 ಪೌಂಡ್ ಮುಟ್ಟಿದ್ದ ಇಂಗ್ಲೆಂಡಿನ ಬೋಧನಾ ಶುಲ್ಕ ಇನ್ನು ಹಣದುಬ್ಬರದ ಜೊತೆಗೇ ಏರಲಿದೆ ಎಂದಿತು. (ಐರ್ಲೆಂಡಿನ ವಿದ್ಯಾರ್ಥಿಗಳು ಆ ‘ಇಳಿಕೆ’ಗೆ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಮೂರು ವರ್ಷ ತಾತ್ಕಾಲಿಕ ರಿಯಾಯಿತಿ ಇದ್ದುದರಿಂದ ಅವರು ಕಟ್ಟುತ್ತಿದ್ದುದು 2,000 ಯೂರೊ. ಅವರ ಜೇಬಿನ ಲೆಕ್ಕದಲ್ಲಿ ಇದು 500 ಯೂರೊ ಏರಿಕೆ.)

ಎರಡೂ ಸುದ್ದಿಗಳನ್ನು ಒಟ್ಟಿಗೆ ಓದಿದ ಬ್ರಿಟಿಷ್ ಪಾಲಕರಿಗೆ ಪ್ರಶ್ನೆ ಏಳುವುದು ಸಹಜ. ವಿಮಾನದಲ್ಲಿ ಒಂದು ಗಂಟೆಯ ದಾರಿ, ಇಂಗ್ಲಿಷ್‌ನಲ್ಲೇ ಪಾಠ, ಶುಲ್ಕ ಇಂಗ್ಲೆಂಡಿನ ಕಾಲುಭಾಗಕ್ಕಿಂತ ಕಡಿಮೆ. ಹಾಗಿದ್ದರೆ ಎಲ್ಲರೂ ಯಾಕೆ ಹೋಗುತ್ತಿಲ್ಲ? ಅದಕ್ಕೂ ಮೊದಲು, ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟಮೇಲೂ, ಅಂದರೆ ಬ್ರೆಕ್ಸಿಟ್ ಆದಮೇಲೂ, ಬ್ರಿಟಿಷರಿಗೆ ಈ ದರ ಹೇಗೆ ಸಿಗುತ್ತಿದೆ?

ಇಲ್ಲಿ ‘ಐರ್ಲೆಂಡ್’ ಎಂದರೆ ಡಬ್ಲಿನ್ ರಾಜಧಾನಿಯಾಗಿರುವ ಗಣರಾಜ್ಯ. ಬೆಲ್‌ಫಾಸ್ಟ್ ಇರುವ ಉತ್ತರ ಐರ್ಲೆಂಡ್ ಬ್ರಿಟನ್ನಿನ ಭಾಗ. ಈ ವ್ಯತ್ಯಾಸ ಮುಂದೆ ಮುಖ್ಯವಾಗುತ್ತದೆ.

ಕಾಮಿಕ್ಸ್ ಕಲಿಯಲು ಹೋದವಳ ಮೊಕದ್ದಮೆ

ಯುರೋಪಿನಲ್ಲಿ ನೆರೆದೇಶದ ವಿದ್ಯಾರ್ಥಿಗೂ ಸ್ಥಳೀಯರ ಶುಲ್ಕವೇ ಎಂಬ ಹಕ್ಕು ಹುಟ್ಟಿದ್ದು ಒಂದು ಸಣ್ಣ ಜಗಳದಿಂದ. ಫ್ರಾನ್ಸಿನ ಫ್ರಾಂಸ್ವಾಸ್ ಗ್ರಾವಿಯೆ ಎಂಬ ಯುವತಿ ಕಾಮಿಕ್ಸ್ ಚಿತ್ರಕಲೆ ಕಲಿಯಲು ಬೆಲ್ಜಿಯಂನ ಲಿಯೇಜ್ ನಗರಕ್ಕೆ ಹೋದಳು. ಬೆಲ್ಜಿಯಂನವರಿಗಿಲ್ಲದ ಒಂದು ಶುಲ್ಕವನ್ನು ಅಲ್ಲಿ ವಿದೇಶಿಯರಿಂದ ಕೇಳುತ್ತಿದ್ದರು. ಆಕೆ ಕೋರ್ಟಿಗೆ ಹೋದಳು. ಸದಸ್ಯ ದೇಶಗಳ ಪ್ರಜೆಗಳ ನಡುವೆ ಇಂಥ ಭೇದ ಸಲ್ಲದು ಎಂದು ಯುರೋಪಿನ ನ್ಯಾಯಾಲಯ 1985ರಲ್ಲಿ ತೀರ್ಪು ಕೊಟ್ಟಿತು.

ಆ ತೀರ್ಪಿನ ನೆರಳಲ್ಲೇ ಬ್ರಿಟಿಷ್ ವಿದ್ಯಾರ್ಥಿಗಳು ಮೂರೂವರೆ ದಶಕ ಯುರೋಪಿನಲ್ಲೆಲ್ಲ ಸ್ಥಳೀಯ ದರದಲ್ಲಿ ಓದಿದರು. 1990ರ ದಶಕದ ನಡುವೆ ಐರ್ಲೆಂಡಿನ ಶಿಕ್ಷಣ ಸಚಿವೆ ನೀವ್ ಬ್ರೆನಾಕ್ ಪದವಿ ಶುಲ್ಕವನ್ನು ರದ್ದು ಮಾಡಿದಾಗ ಆ ಲಾಭವೂ ಅವರಿಗೆ ತಾನಾಗಿಯೇ ದಕ್ಕಿತು. ರದ್ದು ಎಂದರೆ ಬೋಧನಾ ಶುಲ್ಕವನ್ನು ಸರ್ಕಾರವೇ ಕಾಲೇಜಿಗೆ ಕಟ್ಟುತ್ತದೆ. ವಿದ್ಯಾರ್ಥಿ ಕಟ್ಟುವುದು ‘ಕೊಡುಗೆ’ ಎಂಬ ಹೆಸರಿನ ಮೊತ್ತ ಮಾತ್ರ. ಶುಲ್ಕ ಹೋಯಿತು ಎಂದ ಮೇಲೂ ಕೊಡುಗೆ ಬೆಳೆಯುತ್ತ ಬಂದು 2015ರ ಹೊತ್ತಿಗೆ 3,000 ಯೂರೊ ಮುಟ್ಟಿತ್ತು.

2020ರ ಡಿಸೆಂಬರ್ 31ಕ್ಕೆ ಬ್ರೆಕ್ಸಿಟ್‌ನ ಸಂಕ್ರಮಣ ಅವಧಿ ಮುಗಿದು ಆ ನೆರಳು ಸರಿಯಿತು. ನೆದರ್ಲೆಂಡ್ಸ್‌ನಂಥ ದೇಶಗಳಲ್ಲಿ ಹೊಸದಾಗಿ ಸೇರುವ ಬ್ರಿಟಿಷ್ ವಿದ್ಯಾರ್ಥಿ ಈಗ ಹೊರಗಿನವ, ಕಟ್ಟಬೇಕಾದ್ದು ಹೊರಗಿನವರ ದರ. ಐರ್ಲೆಂಡ್ ಬೇರೆ ದಾರಿ ಹಿಡಿಯಿತು.

ಬ್ರೆಕ್ಸಿಟ್ ಮುಟ್ಟದ ಒಪ್ಪಂದ

1922ರಲ್ಲಿ ಐರ್ಲೆಂಡ್ ಬ್ರಿಟನ್ನಿನಿಂದ ಬೇರೆಯಾದ ಕಾಲದಿಂದಲೂ ಎರಡೂ ದೇಶಗಳ ನಡುವೆ ‘ಕಾಮನ್ ಟ್ರಾವೆಲ್ ಏರಿಯಾ’ ಎಂಬ ಏರ್ಪಾಡಿದೆ. ಎರಡೂ ದೇಶಗಳು ಯುರೋಪಿನ ಒಕ್ಕೂಟ ಸೇರುವುದಕ್ಕಿಂತ ಅರ್ಧ ಶತಮಾನ ಹಳೆಯದು. ಇದರ ಪ್ರಕಾರ ಒಬ್ಬರ ಪ್ರಜೆ ಇನ್ನೊಬ್ಬರ ನಾಡಿನಲ್ಲಿ ವೀಸಾ ಇಲ್ಲದೆ ವಾಸಿಸಬಹುದು, ದುಡಿಯಬಹುದು. ಡಬ್ಲಿನ್‌ನಲ್ಲಿ ನೆಲೆಸಿದ ಬ್ರಿಟಿಷರಿಗೆ ಐರ್ಲೆಂಡಿನ ಸಂಸತ್ ಚುನಾವಣೆಯಲ್ಲಿ ಮತ ಹಾಕುವ ಹಕ್ಕೂ ಇದೆ.

ಹೀಗೆ ಬಾಯಿಮಾತು ಮತ್ತು ರೂಢಿಯಲ್ಲಿ ನಡೆದು ಬಂದದ್ದನ್ನು ಬ್ರೆಕ್ಸಿಟ್‌ನ ಭಯ ಕಾಗದಕ್ಕೆ ಇಳಿಸಿತು. 2019ರ ಮೇ 8ರಂದು ಎರಡೂ ಸರ್ಕಾರಗಳು ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿದವು. ಶಿಕ್ಷಣದ ವಿಷಯದಲ್ಲಿ ಒಬ್ಬರು ಇನ್ನೊಬ್ಬರ ಪ್ರಜೆಗಳನ್ನು ತಮ್ಮವರಂತೆಯೇ ನಡೆಸಿಕೊಳ್ಳಬೇಕು ಎಂಬುದು ಅದರಲ್ಲಿದೆ. ಬ್ರೆಕ್ಸಿಟ್ ಒಪ್ಪಂದದ ಭಾಗವಾದ ಉತ್ತರ ಐರ್ಲೆಂಡ್ ಪ್ರೋಟೊಕಾಲ್ ಕೂಡ ಈ ಏರ್ಪಾಡಿಗೆ ಜಾಗ ಬಿಟ್ಟಿತು. ಹಾಗಾಗಿ ಒಕ್ಕೂಟದ ಉಳಿದ ದೇಶಗಳು ‘ನೀವು ಹೊರಗಿನವರಿಗೆ ಹೇಗೆ ಈ ದರ ಕೊಡುತ್ತೀರಿ’ ಎಂದು ಐರ್ಲೆಂಡನ್ನು ಕೇಳಲು ಬರುವುದಿಲ್ಲ. ಆದರೆ ಆ ತಿಳಿವಳಿಕೆ ಪತ್ರ ಕಾನೂನಿನಂತೆ ಕಟ್ಟಿಹಾಕುವ ಒಪ್ಪಂದವಲ್ಲ, ಅದು ತನ್ನ ಬಗ್ಗೆ ತಾನೇ ಹಾಗೆ ಹೇಳಿಕೊಂಡಿದೆ. ಹಕ್ಕು ನಿಂತಿರುವುದು ಎರಡೂ ದೇಶಗಳ ಸ್ವಂತ ಕಾನೂನು, ನಿಯಮಗಳ ಮೇಲೆ.

ಇನ್ನೊಂದು ಸೂಕ್ಷ್ಮವಿದೆ. ‘ನಮ್ಮವರಂತೆ ನಡೆಸಿಕೊಳ್ಳುತ್ತೇವೆ’ ಎಂದರೆ ಇಬ್ಬರಿಗೂ ಖರ್ಚು ಒಂದೇ ಎಂದಲ್ಲ. ಐರ್ಲೆಂಡ್ ತನ್ನವರಿಂದ 2,500 ಯೂರೊ ಕೇಳುತ್ತದೆ, ಬ್ರಿಟಿಷರಿಂದಲೂ ಅಷ್ಟನ್ನೇ. ಇಂಗ್ಲೆಂಡ್ 2025-26ರಲ್ಲಿ ತನ್ನವರಿಂದ 9,535 ಪೌಂಡ್ ಕೇಳಿತು, ಐರಿಷರಿಂದಲೂ ಅಷ್ಟನ್ನೇ. ಮಾತು ಎರಡೂ ಕಡೆ ಉಳಿದಿದೆ, ಮೊತ್ತ ಮಾತ್ರ ಅಜಗಜಾಂತರ. ಸ್ಕಾಟ್ಲೆಂಡಿನಲ್ಲಂತೂ ಬ್ರೆಕ್ಸಿಟ್ ಐರಿಷರಿಗೆ ನಷ್ಟವನ್ನೇ ತಂದಿತು. ಸ್ಕಾಟ್ಲೆಂಡ್ ತನ್ನ ಮಕ್ಕಳಿಂದ ಶುಲ್ಕ ಪಡೆಯುವುದಿಲ್ಲ. ಒಕ್ಕೂಟದಲ್ಲಿದ್ದಾಗ ಐರಿಷರಿಗೂ ಅದು ಉಚಿತವಾಗಿತ್ತು. ಈಗ ಅವರು ಇಂಗ್ಲೆಂಡಿನಿಂದ ಬಂದವರ ಸಾಲಿನಲ್ಲಿ ನಿಂತು ಪೂರ್ಣ ಶುಲ್ಕ ಕಟ್ಟುತ್ತಾರೆ.

ಒಂದೇ ಮನೆ, ಎರಡು ಶುಲ್ಕ

ಐರ್ಲೆಂಡಿನ ಉಚಿತ ಬೋಧನೆ ಸಿಗಬೇಕಾದರೆ ಮುಖ್ಯವಾಗಿ ಮೂರು ಷರತ್ತು. ಪೌರತ್ವ ಬ್ರಿಟನ್ನಿನದೋ ಐರ್ಲೆಂಡ್ ಸೇರಿದಂತೆ ಯುರೋಪಿನ ಒಕ್ಕೂಟ, ಆರ್ಥಿಕ ವಲಯ, ಸ್ವಿಟ್ಜರ್‌ಲೆಂಡ್‌ಗಳದೋ ಆಗಿರಬೇಕು. ಹಿಂದಿನ ಐದು ವರ್ಷಗಳಲ್ಲಿ ಕನಿಷ್ಠ ಮೂರು ವರ್ಷ ಈ ಪ್ರದೇಶದಲ್ಲೇ ವಾಸವಿರಬೇಕು. ಓದುತ್ತಿರುವುದು ಮೊದಲ ಪದವಿಯಾಗಿರಬೇಕು. ಅಜ್ಜಿಯ ಊರು ಹುಡುಕಿ ಐರಿಷ್ ಪಾಸ್‌ಪೋರ್ಟ್ ಮಾಡಿಸಿಕೊಂಡರೆ ಮಾತ್ರ ಈ ಲಾಭ ಎಂಬ ನಂಬಿಕೆ ಬ್ರಿಟನ್ನಿನಲ್ಲಿದೆ. ಅದು ಸರಿಯಲ್ಲ, ಬ್ರಿಟಿಷ್ ಪಾಸ್‌ಪೋರ್ಟೇ ಸಾಕು.

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಎಚ್ಚರದಿಂದ ಓದಬೇಕಾದ ಸಾಲುಗಳು ಇವೇ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಆದ್ದರಿಂದ ಬ್ರಿಟನ್ನಿನಲ್ಲಿ ಕಾಯಂ ವಾಸದ ಅನುಮತಿ ಸಿಕ್ಕಮೇಲೂ ಭಾರತದ ಪಾಸ್‌ಪೋರ್ಟನ್ನೇ ಉಳಿಸಿಕೊಂಡವರು ಅನೇಕ. ಬೆಂಗಳೂರಿನಲ್ಲಿ ಹುಟ್ಟಿ ಅಪ್ಪ ಅಮ್ಮನ ಜೊತೆ ಹೋದ ಹಿರಿಯ ಮಗಳು ಭಾರತದ ಪ್ರಜೆ, ಕಾಯಂ ಅನುಮತಿ ಸಿಕ್ಕಮೇಲೆ ಬ್ರಿಟನ್ನಿನಲ್ಲೇ ಹುಟ್ಟಿದ ಕಿರಿಯ ಮಗ ಹುಟ್ಟಿನಿಂದಲೇ ಬ್ರಿಟಿಷ್ ಪ್ರಜೆ ಎಂದಿಟ್ಟುಕೊಳ್ಳಿ. ಇಂಗ್ಲೆಂಡಿನ ವಿಶ್ವವಿದ್ಯಾಲಯಕ್ಕೆ ಇಬ್ಬರೂ ಮನೆಮಕ್ಕಳೇ. ಕಾಮನ್ ಟ್ರಾವೆಲ್ ಏರಿಯಾದ ಹಕ್ಕು ಮಾತ್ರ ವಾಸಕ್ಕಲ್ಲ, ಪೌರತ್ವಕ್ಕೆ ಅಂಟಿಕೊಂಡದ್ದು. ಹಾಗಾಗಿ ಮಗನಿಗೆ 2,500 ಯೂರೊ ಸಾಕು. ಮಗಳಿಗೆ ಉಚಿತ ಬೋಧನೆ ಇಲ್ಲ, ಐರ್ಲೆಂಡಿನ ವೀಸಾ ಬೇರೆ ಬೇಕು. ಒಕ್ಕೂಟದ ಹೊರಗಿನವರಿಗೆ ವೈದ್ಯಕೀಯ ಸೀಟಿನ ಶುಲ್ಕ ಐರ್ಲೆಂಡಿನಲ್ಲಿ ವರ್ಷಕ್ಕೆ 50,000 ಯೂರೊ ದಾಟುತ್ತದೆ. ಒಂದು ಪಾಸ್‌ಪೋರ್ಟಿನ ಬೆಲೆ ಎಷ್ಟೆಂದು ಆಗ ಗೊತ್ತಾಗುತ್ತದೆ.

ಇದರ ತಿರುವುಮುರುವೂ ಇದೆ. ಲಂಡನ್ನಿನಲ್ಲಿ ಹುಟ್ಟಿ, ಬ್ರಿಟಿಷ್ ಪಾಸ್‌ಪೋರ್ಟ್ ಇದ್ದು, ಅಪ್ಪ ಅಮ್ಮನೊಂದಿಗೆ ಬೆಂಗಳೂರಿಗೆ ವಾಪಸಾಗಿ ಇಲ್ಲೇ ಪಿಯುಸಿ ಮುಗಿಸಿದ ಮಗುವಿಗೆ ಪೌರತ್ವ ಇದೆ, ಮೂರು ವರ್ಷದ ವಾಸ ಇಲ್ಲ. ಅದಕ್ಕೂ ಉಚಿತ ಬೋಧನೆ ಸಿಗುವುದಿಲ್ಲ.

28,605 ದೊಡ್ಡದೋ, 10,000 ದೊಡ್ಡದೋ

ಈಗ ದುಡ್ಡಿನ ಮಾತು. ಇಂಗ್ಲೆಂಡಿನಲ್ಲಿ ಪದವಿ ಸಾಮಾನ್ಯವಾಗಿ ಮೂರು ವರ್ಷ. 2025ರ ದರದಲ್ಲೇ ಲೆಕ್ಕ ಹಾಕಿದರೂ ಶುಲ್ಕ 28,605 ಪೌಂಡ್. ಐರ್ಲೆಂಡಿನಲ್ಲಿ ಬಹುಪಾಲು ಕೋರ್ಸು ನಾಲ್ಕು ವರ್ಷ, ಅಂದರೆ 10,000 ಯೂರೊ, ಸುಮಾರು 8,700 ಪೌಂಡ್. ಕಾಗದದ ಮೇಲೆ ಉಳಿತಾಯ ಇಪ್ಪತ್ತು ಸಾವಿರ ಪೌಂಡ್ ಹತ್ತಿರ.

ಆದರೆ ಇಂಗ್ಲೆಂಡಿನ ವಿದ್ಯಾರ್ಥಿ ಆ 28,605 ಪೌಂಡನ್ನು ಕೈಯಿಂದ ಕೊಡುವುದಿಲ್ಲ. ಸರ್ಕಾರಿ ಸಾಲ ನೇರವಾಗಿ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಊಟ, ಬಾಡಿಗೆಗೆ ಮತ್ತೊಂದು ಸಾಲ ಉಂಟು. ಲಂಡನ್ನಿನ ಹೊರಗೆ, ಮನೆ ಬಿಟ್ಟು ಓದುವವರಿಗೆ ಅದು 2025-26ರಲ್ಲಿ ವರ್ಷಕ್ಕೆ ಗರಿಷ್ಠ 10,544 ಪೌಂಡ್, ಮನೆಯ ಆದಾಯ ಕಡಿಮೆಯಿದ್ದಷ್ಟೂ ಹೆಚ್ಚು ಸಾಲ. 2023ರ ಆಗಸ್ಟ್‌ನಿಂದ ಈಚೆಗೆ ಸೇರಿದವರು ವರ್ಷಕ್ಕೆ 25,000 ಪೌಂಡ್ ಮೀರಿದ ಸಂಬಳದ ಮೇಲೆ ಮಾತ್ರ ನೂರಕ್ಕೆ ಒಂಬತ್ತರಂತೆ ತೀರಿಸಬೇಕು. 30,000 ಪೌಂಡ್ ಸಂಬಳದವರಿಗೆ ವರ್ಷಕ್ಕೆ 450 ಪೌಂಡ್ ಕಡಿತ. ಕೆಲಸ ಇಲ್ಲದಿದ್ದರೆ ಕಂತೂ ಇಲ್ಲ. ನಲವತ್ತು ವರ್ಷವಾದ ಮೇಲೆ ಉಳಿದ ಬಾಕಿ ಮನ್ನಾ. ಸಾಲ ಎಂದು ಹೆಸರಿದ್ದರೂ ಗುಣದಲ್ಲಿ ಇದು ಸಂಬಳದ ಮೇಲಿನ ತೆರಿಗೆಗೆ ಹತ್ತಿರ.

ಇಂಗ್ಲೆಂಡಿನ ಈ ಸಾಲ ಪೂರ್ಣ ಪದವಿಯನ್ನು ಹೊರದೇಶದಲ್ಲಿ ಓದುವವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಐರ್ಲೆಂಡಿನ ಜೀವನವೆಚ್ಚದ ಅನುದಾನಕ್ಕೆ ಐರ್ಲೆಂಡಿನಲ್ಲೇ ವಾಸವಿದ್ದಿರಬೇಕು. ಎರಡೂ ಬಾಗಿಲು ಮುಚ್ಚಿದ ಮೇಲೆ ಉಳಿಯುವುದು ಅಪ್ಪ ಅಮ್ಮನ ಬ್ಯಾಂಕ್ ಖಾತೆ. ಡಬ್ಲಿನ್‌ನ ಖಾಸಗಿ ವಿದ್ಯಾರ್ಥಿ ವಸತಿಯಲ್ಲಿ ಕೋಣೆಗೆ ತಿಂಗಳಿಗೆ ಸಾವಿರ ಯೂರೊ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ವರ್ಷಕ್ಕೆ ಒಂಬತ್ತು ತಿಂಗಳಂತೆ ನಾಲ್ಕು ವರ್ಷಕ್ಕೆ ಬಾಡಿಗೆಯೇ 36,000 ಯೂರೊ. ಶುಲ್ಕ ಸೇರಿ 46,000. ಊಟ, ಪುಸ್ತಕ, ಓಡಾಟ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಅಷ್ಟೂ ನಗದು, ಅಷ್ಟೂ ಓದುವಾಗಲೇ.

ಹೀಗಾಗಿ ಯಾವುದು ಅಗ್ಗ ಎಂಬ ಪ್ರಶ್ನೆಗೆ ಉತ್ತರ ಮನೆಯಿಂದ ಮನೆಗೆ ಬದಲಾಗುತ್ತದೆ. ಉಳಿತಾಯವಿರುವ, ಮಗ ಸಾಲದ ಹೊರೆ ಇಲ್ಲದೆ ಓದು ಮುಗಿಸಲಿ ಎನ್ನುವ ಕುಟುಂಬಕ್ಕೆ ಡಬ್ಲಿನ್ ನಿಜಕ್ಕೂ ಲಾಭ. ಉಳಿತಾಯವಿಲ್ಲದ ಮನೆಗೆ, ನಾಲ್ಕು ಪಟ್ಟು ಹೆಚ್ಚು ಶುಲ್ಕದ ಮ್ಯಾಂಚೆಸ್ಟರೇ ಕೈಗೆಟುಕುವ ಊರು. ಎಲ್ಲ ಬ್ರಿಟಿಷರಿಗೂ ಕಾಗದದಲ್ಲಿ ಸಮಾನವಾಗಿ ಸಿಕ್ಕ ಹಕ್ಕು ಬಳಕೆಯಲ್ಲಿ ಉಳ್ಳವರ ಹಕ್ಕಾಗುತ್ತಿರುವುದು ಹೀಗೆ.

ಇದಕ್ಕೆ ದೊಡ್ಡ ಅಪವಾದ ಉತ್ತರ ಐರ್ಲೆಂಡ್. ಗಣರಾಜ್ಯಕ್ಕೆ ಓದಲು ಹೋಗುವ ತನ್ನ ವಿದ್ಯಾರ್ಥಿಗಳಿಗೆ ಅದು ಆ ಕೊಡುಗೆಯ ಮೊತ್ತಕ್ಕೂ ಜೀವನವೆಚ್ಚಕ್ಕೂ ಸಾಲ ಕೊಡುತ್ತದೆ. ಹಣದ ಗೋಡೆ ಅಲ್ಲಿ ಅಷ್ಟು ಎತ್ತರವಿಲ್ಲ. ಅವರಿಗೆ ಎದುರಾಗುವುದು ಅಂಕಗಳ ಗೋಡೆ.

ಮೂರು ವಿಷಯ ಓದಿದವರು, ಆರು ವಿಷಯದ ಅಳತೆಕೋಲು

ಬ್ರಿಟನ್ನಿನಲ್ಲಿ ಅರ್ಜಿ ಹಾಕುವುದು ಯುಕಾಸ್ ಎಂಬ ಕೇಂದ್ರ ಪ್ರವೇಶ ಸಂಸ್ಥೆಯ ಮೂಲಕ. ಸ್ವವಿವರಣೆ, ಶಿಕ್ಷಕರ ಶಿಫಾರಸು, ಬರಬಹುದಾದ ಗ್ರೇಡಿನ ಅಂದಾಜು ನೋಡಿ ವಿಶ್ವವಿದ್ಯಾಲಯ ಷರತ್ತಿನ ಮೇಲೆ ಸೀಟು ಕೊಡುತ್ತದೆ. ಐರ್ಲೆಂಡಿನಲ್ಲಿ ಎಲ್ಲ ಅರ್ಜಿಯೂ ಗಾಲ್ವೇ ನಗರದ ಕೇಂದ್ರ ಅರ್ಜಿ ಕಚೇರಿ ಸಿಎಒಗೆ. ಅಲ್ಲಿ ಸ್ವವಿವರಣೆ ಇಲ್ಲ, ಶಿಫಾರಸು ಇಲ್ಲ. ಗರಿಷ್ಠ ಹತ್ತು ಆನರ್ಸ್ ಪದವಿ ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಬರೆಯಬೇಕು, ಪರೀಕ್ಷೆಯ ಅಂಕ ಬಂದ ಮೇಲೆ ಯಂತ್ರವೇ ಸೀಟು ಹಂಚುತ್ತದೆ. ನಮ್ಮ ಕೆಇಎ ಆಪ್ಷನ್ ಎಂಟ್ರಿ ಕಂಡವರಿಗೆ ಇದರ ಒಳಗುಟ್ಟು ಬೇಗ ತಿಳಿಯುತ್ತದೆ. ಸಿಗಬಹುದು ಎನ್ನುವುದನ್ನಲ್ಲ, ಬೇಕು ಎನ್ನುವುದನ್ನು ಮೊದಲು ಬರೆಯಬೇಕು.

ತೊಡಕು ಅಂಕ ಪರಿವರ್ತನೆಯಲ್ಲಿದೆ. ಐರ್ಲೆಂಡಿನಲ್ಲಿ ಶಾಲೆಯ ಕೊನೆಗೆ ಬರೆಯುವ ಲೀವಿಂಗ್ ಸರ್ಟ್ ಪರೀಕ್ಷೆಯಲ್ಲಿ ಆರು ವಿಷಯಗಳ ಅಂಕ ಸೇರಿ 600, ಉನ್ನತ ಗಣಿತಕ್ಕೆ 25 ಹೆಚ್ಚುವರಿ, ಒಟ್ಟು 625. ಬ್ರಿಟನ್ನಿನ ವಿದ್ಯಾರ್ಥಿ ಶಾಲೆಯ ಕೊನೆಯ ಹಂತದಲ್ಲಿ ಸಾಮಾನ್ಯವಾಗಿ ಓದುವುದು ಮೂರೇ ವಿಷಯ, ಅಂದರೆ ಮೂರು ಎ-ಲೆವೆಲ್. ಗರಿಷ್ಠ ಅಂಕ ಮುಟ್ಟಲು ನಾಲ್ಕನೆಯದೂ ಬೇಕು ಎಂಬಂತೆ ಐರಿಷ್ ವಿಶ್ವವಿದ್ಯಾಲಯಗಳ ಪರಿವರ್ತನಾ ಪಟ್ಟಿ ಬಹುಕಾಲ ಇತ್ತು. ನಾಲ್ಕು ಎ-ಲೆವೆಲ್ ಓದಿಸುವ ಶಾಲೆಗಳು ಕಡಿಮೆ. ಹೀಗೆ ಮೂರರಲ್ಲೂ ಅತ್ಯುನ್ನತ ಗ್ರೇಡ್ ಪಡೆದ ಬೆಲ್‌ಫಾಸ್ಟಿನ ಹುಡುಗಿ, ಇಂಗ್ಲೆಂಡಿನ ಅತಿ ಕಠಿಣ ಕೋರ್ಸಿಗೆ ಅರ್ಹಳಾಗಿಯೂ, ನೂರು ಮೈಲಿ ದೂರದ ಡಬ್ಲಿನ್‌ನಲ್ಲಿ ಹಿಂದೆ ಬೀಳುತ್ತಿದ್ದಳು. ಐರ್ಲೆಂಡಿನ ಆರ್ಥಿಕ ಮತ್ತು ಸಾಮಾಜಿಕ ಸಂಶೋಧನಾ ಸಂಸ್ಥೆ 2023ರಲ್ಲಿ ಇದನ್ನು ಮುಖ್ಯ ಅಡ್ಡಿ ಎಂದು ಗುರುತಿಸಿತು. ವಿಶ್ವವಿದ್ಯಾಲಯಗಳು ಈಚೆಗೆ ನಿಯಮ ಸಡಿಲಿಸುವತ್ತ ಹೆಜ್ಜೆ ಇಟ್ಟಿವೆ.

ಎರಡನೆಯ ತೊಡಕು ಕೋವಿಡ್ ಕಾಲದ್ದು. 2020ರ ನಂತರ ಎರಡೂ ಕಡೆ ಅಂಕಗಳು ಉಬ್ಬಿದ್ದವು. ಇಂಗ್ಲೆಂಡ್ 2023ರಲ್ಲೇ ಎ-ಲೆವೆಲ್ ಫಲಿತಾಂಶವನ್ನು ಹಳೆಯ ಮಟ್ಟಕ್ಕೆ ತಂದಿತು. ಐರ್ಲೆಂಡ್ ಆ ಉಬ್ಬನ್ನು ಇಳಿಸಲು ಶುರುಮಾಡಿದ್ದೇ 2025ರಲ್ಲಿ, ಅದೂ ನಿಧಾನವಾಗಿ. ಒಬ್ಬರದು ಬಿಗಿ ತಕ್ಕಡಿ, ಇನ್ನೊಬ್ಬರದು ಸಡಿಲ ತಕ್ಕಡಿ, ಸ್ಪರ್ಧೆ ಮಾತ್ರ ಒಂದೇ ಸೀಟಿಗೆ. ಪೂರ್ಣ ಅಂಕ ಪಡೆದವರೇ ಹೆಚ್ಚಾಗಿ ಕೆಲವು ಕೋರ್ಸುಗಳಲ್ಲಿ ಲಾಟರಿ ಎತ್ತುವ ಮಟ್ಟಕ್ಕೆ ಹೋಯಿತು.

ಮೂರನೆಯದು ದಿನಾಂಕ. 2025ರಲ್ಲಿ ಎ-ಲೆವೆಲ್ ಫಲಿತಾಂಶ ಬಂದದ್ದು ಆಗಸ್ಟ್ 14ಕ್ಕೆ. ಲೀವಿಂಗ್ ಸರ್ಟ್ ಬಂದದ್ದು 22ಕ್ಕೆ, ಸಿಎಒದ ಮೊದಲ ಸುತ್ತಿನ ಸೀಟು 27ಕ್ಕೆ. ನಡುವಿನ ಎರಡು ವಾರ ವಿದ್ಯಾರ್ಥಿ ಕೈಯಲ್ಲಿರುವ ಬ್ರಿಟಿಷ್ ಸೀಟನ್ನೂ ಹಾಸ್ಟೆಲ್ ಮುಂಗಡವನ್ನೂ ಹಿಡಿದುಕೊಂಡು, ಬರುತ್ತದೋ ಇಲ್ಲವೋ ತಿಳಿಯದ ಐರಿಷ್ ಸೀಟಿಗೆ ಕಾಯಬೇಕು. ಎರಡೂ ಕಡೆ ಅರ್ಜಿ ಹಾಕಲು ಅಡ್ಡಿಯಿಲ್ಲ, ಆದರೆ ಕಾಯುವುದಕ್ಕೂ ದುಡ್ಡು ಖರ್ಚಾಗುತ್ತದೆ. ಸಿಎಒದ ಸಾಮಾನ್ಯ ಗಡುವು ಫೆಬ್ರುವರಿ 1. ವೈದ್ಯಕೀಯ ಬೇಕಾದವರು ಎಚ್‌ಪ್ಯಾಟ್ ಎಂಬ ಪ್ರತ್ಯೇಕ ಪರೀಕ್ಷೆಗೆ ಜನವರಿಯಲ್ಲೇ ಹೆಸರು ಕೊಡಬೇಕು.

ಸಣ್ಣದೊಂದು ಗುಂಡಿ ಭಾಷೆಯದು. ಐರ್ಲೆಂಡಿನ ರಾಷ್ಟ್ರೀಯ ವಿಶ್ವವಿದ್ಯಾಲಯದ ಕಾಲೇಜುಗಳು ಹೊರಗಿನವರಿಂದ ಐರಿಷ್ ಭಾಷೆ ಕೇಳುವುದಿಲ್ಲ. ಕೆಲವು ಕೋರ್ಸುಗಳಿಗೆ ಇಂಗ್ಲಿಷ್ ಜೊತೆ ಇನ್ನೊಂದು ಭಾಷೆ ಕೇಳುತ್ತವೆ. ಇಂಗ್ಲೆಂಡಿನಲ್ಲಿ 2004ರಿಂದ ಹದಿನಾಲ್ಕರ ನಂತರ ವಿದೇಶಿ ಭಾಷೆ ಕಡ್ಡಾಯವಲ್ಲ. ಆಗ ಫ್ರೆಂಚ್ ಬಿಟ್ಟದ್ದು ಹದಿನೆಂಟರಲ್ಲಿ ಕಾಡುತ್ತದೆ.

ಕೋಣೆ

ಸೀಟು ಸಿಕ್ಕರೂ ಕೋಣೆ ಸಿಗುವ ಭರವಸೆ ಇಲ್ಲ. ಡಬ್ಲಿನ್‌ನ ಮನೆ ಕೊರತೆ ಎಷ್ಟೆಂದರೆ, ಮನೆಯ ಕೋಣೆಯೊಂದನ್ನು ಬಾಡಿಗೆಗೆ ಕೊಡುವವರಿಗೆ ಸರ್ಕಾರ ವರ್ಷಕ್ಕೆ 14,000 ಯೂರೊವರೆಗಿನ ಬಾಡಿಗೆಯ ಮೇಲೆ ತೆರಿಗೆ ಬಿಟ್ಟಿದೆ. ‘ಡಿಗ್ಸ್’ ಎಂದು ಕರೆಯುವ ಈ ಕೋಣೆಗಳಲ್ಲಿ ಎಷ್ಟೋ ಸೋಮವಾರದಿಂದ ಶುಕ್ರವಾರಕ್ಕೆ ಮಾತ್ರ. ವಾರಾಂತ್ಯಕ್ಕೆ ಊರಿಗೆ ಹೋಗುವ ಕಾರ್ಕ್ ಹುಡುಗನಿಗೆ ಅದು ಸರಿ, ಬರ್ಮಿಂಗ್‌ಹ್ಯಾಮ್‌ನವನಿಗೆ ಅಲ್ಲ. ಕಾರ್ಕ್, ಲಿಮೆರಿಕ್, ಗಾಲ್ವೇಗಳಲ್ಲಿ ಬಾಡಿಗೆ ಕಡಿಮೆ, ಆದರೆ ಅಲ್ಲೂ ಸೆಪ್ಟೆಂಬರ್‌ನಲ್ಲಿ ಹುಡುಕಲು ಹೊರಟವರ ಪಾಡು ಕಷ್ಟವೇ.

ಯಾರ ವಾದ ಏನು

ಐರ್ಲೆಂಡಿನ ಪಾಲಕರ ಅಸಮಾಧಾನ ನೇರವಾಗಿದೆ: ನಮ್ಮ ತೆರಿಗೆ, ನಮ್ಮ ಮಕ್ಕಳೇ ಲಾಟರಿಯಲ್ಲಿ ಸೋಲುತ್ತಿರುವಾಗ ಹೊರಗಿನವರಿಗೆ ಅದೇ ಸೀಟು ಅದೇ ದರಕ್ಕೆ ಯಾಕೆ? ಮೊತ್ತದ ಲೆಕ್ಕದಲ್ಲಿ ಈ ದೂರಿಗೆ ಬಲ ಕಡಿಮೆ. ಉತ್ತರ ಐರ್ಲೆಂಡಿನವರಂತೂ ಗಣರಾಜ್ಯದ ವಿದ್ಯಾರ್ಥಿಗಳಲ್ಲಿ ತೀರ ಸಣ್ಣ ಪಾಲು. ಬೇಡಿಕೆ ಹೆಚ್ಚಿರುವ ವೈದ್ಯಕೀಯದಂಥ ಕಡೆ ಮಾತ್ರ ಒಂದೊಂದು ಸೀಟೂ ಕಣ್ಣಿಗೆ ಬೀಳುತ್ತದೆ.

ವಿಶ್ವವಿದ್ಯಾಲಯಗಳ ಸಂಕಟ ಬೇರೆ. ಉನ್ನತ ಶಿಕ್ಷಣಕ್ಕೆ ವರ್ಷಕ್ಕೆ 307 ದಶಲಕ್ಷ ಯೂರೊ ಕೊರತೆಯಿದೆ ಎಂದು 2022ರಲ್ಲಿ ಐರಿಷ್ ಸರ್ಕಾರವೇ ಒಪ್ಪಿಕೊಂಡಿದೆ. ಆ ಹಳ್ಳ ತುಂಬಲು ಅವು ನೆಚ್ಚಿರುವುದು ಭಾರತ, ಚೀನಾ, ಅಮೆರಿಕದಿಂದ ಬಂದು ಪೂರ್ಣ ದರ ಕಟ್ಟುವವರನ್ನು. ಬ್ರಿಟಿಷ್ ವಿದ್ಯಾರ್ಥಿಗೆ ಗೌರವವೇನೋ ಇದೆ, ವರಮಾನ ಇಲ್ಲ.

ಡಬ್ಲಿನ್ ಸರ್ಕಾರ ನೋಡುವುದು ರಾಜಕಾರಣದ ಕಣ್ಣಿನಿಂದ. ದ್ವೀಪದ ಉತ್ತರ ದಕ್ಷಿಣದ ಯುವಜನರು ಒಂದೇ ಕ್ಯಾಂಪಸ್ಸಿನಲ್ಲಿ ಓದಬೇಕೆಂಬುದು ಅದರ ಆಸೆ. ಬ್ರಿಟಿಷ್ ಪ್ರಜೆಗಳಲ್ಲಿ ಲಂಡನ್ನಿನವರನ್ನು ಬಿಟ್ಟು ಬೆಲ್‌ಫಾಸ್ಟಿನವರಿಗೆ ಮಾತ್ರ ದರ ಕೊಡಲು ಒಪ್ಪಂದದಲ್ಲಿ ಜಾಗವಿಲ್ಲ. ಹಾಗೆ ಮಾಡಿದರೆ ಇಂಗ್ಲೆಂಡಿನಲ್ಲಿ ಓದುವ ಐರಿಷರ ಸ್ಥಾನಕ್ಕೂ ಕುತ್ತು. ಲಂಡನ್ನಿಗೆ ಈ ವಿಷಯದಲ್ಲಿ ಆಸಕ್ತಿಯೇ ಕಡಿಮೆ. ಸಾಲವನ್ನು ಗಡಿಯಾಚೆ ಕಳಿಸಿದರೆ ಹಣ ಬೇರೆ ದೇಶದ ಬಾಡಿಗೆಗೆ ಹೋಗುತ್ತದೆ, ಓದಿದವರು ಅಲ್ಲೇ ಉಳಿದರೆ ಮರುಪಾವತಿ ಕಷ್ಟ. ಖಜಾನೆಯ ಈ ತರ್ಕವನ್ನು ತಪ್ಪೆನ್ನುವುದು ಕಷ್ಟ. ಆದರೆ ಆ ತರ್ಕ ಬಡ ಮನೆಯ ಮಕ್ಕಳನ್ನು ಮಾತ್ರ ತಡೆಯುತ್ತದೆ ಎಂಬುದೂ ಅಷ್ಟೇ ನಿಜ.

ಮುಂದೆ

ಬ್ರಿಟನ್ 2027ರಲ್ಲಿ ಎರಾಸ್ಮಸ್ ಎಂಬ ಯುರೋಪಿನ ವಿದ್ಯಾರ್ಥಿ ವಿನಿಮಯ ಯೋಜನೆಗೆ ಮರಳಲು 2025ರ ಡಿಸೆಂಬರ್‌ನಲ್ಲಿ ಒಪ್ಪಿತು. ಅದರಿಂದ ಈ ಚಿತ್ರ ಹೆಚ್ಚು ಬದಲಾಗದು. ಎರಾಸ್ಮಸ್ ಒಂದು ಅವಧಿಗೋ ಒಂದು ವರ್ಷಕ್ಕೋ ಹೋಗಿ ಬರುವವರಿಗೆ, ಪೂರ್ಣ ಪದವಿಯ ಶುಲ್ಕಕ್ಕಲ್ಲ. ತನ್ನ ವಿದ್ಯಾರ್ಥಿಗಳಿಗೆ ಬ್ರಿಟನ್ನಿನಲ್ಲಿ ಸ್ಥಳೀಯ ದರ ಬೇಕು ಎಂದು ಯುರೋಪಿನ ಒಕ್ಕೂಟ ಒತ್ತಾಯಿಸುತ್ತಿದೆ, ಲಂಡನ್ ಅದಕ್ಕೆ ಸಿದ್ಧವಿಲ್ಲ. ಆ ಮಾತುಕತೆ ಇತ್ಯರ್ಥವಾಗದಷ್ಟು ದಿನ ಒಕ್ಕೂಟದೊಳಗೆ ಬ್ರಿಟಿಷರಿಗೆ ಸ್ಥಳೀಯರ ದರದಲ್ಲಿ ತೆರೆದಿರುವ ಇಂಗ್ಲಿಷ್ ಬಾಗಿಲು ಮುಖ್ಯವಾಗಿ ಐರ್ಲೆಂಡ್.

ಬೇಗ ಬದಲಾವಣೆ ಕಾಣುವುದು ಉತ್ತರ ಐರ್ಲೆಂಡಿನಿಂದ. ಅಲ್ಲಿನ ವಿಶ್ವವಿದ್ಯಾಲಯಗಳ ಸೀಟುಗಳಿಗೆ ಸರ್ಕಾರವೇ ಮಿತಿ ಹಾಕಿದೆ, ಪ್ರತಿ ವರ್ಷ ಸಾವಿರಾರು ಮಂದಿ ಇಂಗ್ಲೆಂಡ್, ಸ್ಕಾಟ್ಲೆಂಡಿಗೆ ಹಡಗು ಹತ್ತುತ್ತಾರೆ. ಅವರಿಗೆ ಸಾಲ ಮೊದಲೇ ಇದೆ. ಅಂಕದ ಗೋಡೆ ತಗ್ಗಿದರೆ ಬಸ್ಸು ಹತ್ತಿ ಡಬ್ಲಿನ್‌ಗೆ ಹೋಗುವವರು ಹೆಚ್ಚುತ್ತಾರೆ. ಇಂಗ್ಲೆಂಡಿನಿಂದ ಬರುವವರ ಬಗೆ ಮಾತ್ರ ಈಗಿನಂತೆಯೇ ಇರಬಹುದು: ನಾಲ್ಕು ವರ್ಷದ ಬಾಡಿಗೆ ಭರಿಸಬಲ್ಲ ಮನೆಗಳಿಂದ.

ಆ ಮನೆಗಳಿಗೆ ಇನ್ನೊಂದು ಆಕರ್ಷಣೆಯೂ ಇದೆ, ಶುಲ್ಕದ ಪಟ್ಟಿಯಲ್ಲಿ ಕಾಣದ್ದು. ಭಾರತದಿಂದ ಹೋದ ವಿದ್ಯಾರ್ಥಿಯ ಓದಿನ ವರ್ಷಗಳು ಐರಿಷ್ ಪೌರತ್ವದ ಲೆಕ್ಕಕ್ಕೆ ಬರುವುದಿಲ್ಲ. ಬ್ರಿಟಿಷ್ ಪ್ರಜೆಗೆ ಅಲ್ಲಿ ವೀಸಾವೇ ಬೇಡವಾದ್ದರಿಂದ ಇದ್ದ ದಿನವೆಲ್ಲ ವಾಸವೇ. ಪೌರತ್ವಕ್ಕೆ ಅರ್ಜಿ ಹಾಕಲು ಬೇಕಾದ್ದು ಐದು ವರ್ಷದ ವಾಸ. ನಾಲ್ಕು ವರ್ಷ ಪದವಿ, ಒಂದು ವರ್ಷ ಕೆಲಸ. 2016ರ ಜನಮತಗಣನೆಯಲ್ಲಿ ಅಪ್ಪ ಅಮ್ಮ ಕಳೆದುಕೊಂಡ ಯುರೋಪಿನ ಪಾಸ್‌ಪೋರ್ಟ್, ಆಗ ಮತ ಹಾಕುವ ವಯಸ್ಸೇ ಆಗಿರದ ಮಗಳ ಕೈಗೆ ಈ ದಾರಿಯಲ್ಲಿ ಬರಬಹುದು.